ದೂರದ ಬೆಟ್ಟವೂ ಹತ್ತಿರದ ಹೊಳೆಯೂ

ಲೋಕದ ರಾಜಕಾರಣವೆಂಬುದು ರಾಜಧಾನಿಗಳ ಸಭಾಭವನಗಳಲ್ಲಿ ನಡೆಯತಕ್ಕ ವ್ಯವಹಾರವೆಂದೂ, ಹಳ್ಳಿಗಾಡಿನ ಒಕ್ಕಲಿಗನಿಗೂ ಪಾಠಶಾಲೆಯ ಉಪಾಧ್ಯಾಯನಿಗೂ ಅದು ಸಂಜೆಯ ಹರಟೆಗೆ ಒದಗುವ ಸಾಮಗ್ರಿ ಮಾತ್ರವೆಂದೂ ಭಾವಿಸುವವರು ಬಹುಮಂದಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಈ ಭಾವನೆಗೆ ಚೆನ್ನಾಗಿ ಒಪ್ಪುತ್ತದೆ. ಪಶ್ಚಿಮ ಏಷ್ಯದಲ್ಲಿ ಸಿಂಹಾಸನವೊಂದು ಉರುಳಿತೆಂದರೆ, ಕಪ್ಪು ಸಮುದ್ರದ ದಂಡೆಯಲ್ಲಿ ಯುದ್ಧ ಹೊತ್ತಿತೆಂದರೆ, ಪತ್ರಿಕೆಯನ್ನು ಓದಿ ಮಡಿಚಿಟ್ಟು ಗದ್ದೆಯ ಕಡೆಗೆ ಹೊರಡುವುದು ವಾಡಿಕೆ. ಆದರೆ ಆ ಗದ್ದೆಗೆ ಹರಿಯುವ ನೀರಿಗೂ, ಅದಕ್ಕೆ ಚೆಲ್ಲುವ ಗೊಬ್ಬರಕ್ಕೂ ದೂರದ ಸುದ್ದಿಯೊಡನೆ ಸಂಬಂಧವುಂಟೆಂಬುದನ್ನು ವಿಚಾರಿಸುವವರು ವಿರಳ.

ಈ ಮಾತಿಗೆ ಹೊಳಲೂರು ಸೀಮೆಗಿಂತ ಮಿಗಿಲಾದ ನಿದರ್ಶನವನ್ನು ಹುಡುಕಬೇಕಾಗಿಲ್ಲ. 'ಹೊಳಲು' ಎಂಬುದು ಹಳಗನ್ನಡದ 'ಪೊೞಲ್' ಶಬ್ದದ ಈಚಿನ ರೂಪ. ಪಟ್ಟಣವೆಂದು ಅದರ ಅರ್ಥ. ಹೊಳೆಯ ಸಮೀಪದಲ್ಲಿರುವುದರಿಂದ ಹೊಳಲೂರಾಯಿತೆಂದು ಕೆಲವರು ಊಹಿಸುವುದುಂಟು. ಶಬ್ದಶಾಸ್ತ್ರ ಅದನ್ನು ಒಪ್ಪದಿದ್ದರೂ ಊರಿನ ಜೀವನ ಒಪ್ಪುತ್ತದೆ. ಸಮೀಪದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ತುಂಗಭದ್ರೆಯೆನಿಸಿ ಈ ಸೀಮೆಯ ಬದುಕಿಗೆ ಆಧಾರವಾಗಿವೆ. ಭತ್ತದ ಗದ್ದೆ, ಅಡಿಕೆಯ ತೋಟ, ಮಠದ ದಾಸೋಹದ ಪಾತ್ರೆಗೆ ಬೀಳುವ ಅಕ್ಕಿ, ಇವೆಲ್ಲವೂ ಆ ನೀರಿನ ಋಣದಲ್ಲಿಯೇ ಇವೆ. ಈ ಎರಡು ನದಿಗಳೂ, ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಆ ಮೂಲಕ್ಕೆ ಸಮೀಪದಲ್ಲಿಯೇ ಕುದುರೆಮುಖವಿದೆ. ಇರಾನಿನ ರಾಜಕಾರಣಕ್ಕೂ ತುಂಗಭದ್ರೆಯ ನೀರಿಗೂ ಗಂಟುಬಿದ್ದದ್ದು ಅಲ್ಲಿ.

ಆ ವೃತ್ತಾಂತಕ್ಕೆ ಮೊದಲು ಒಂದು ಶಾಸ್ತ್ರವಿಚಾರವನ್ನು ಸ್ಮರಿಸುವುದು ಉಚಿತ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅದನ್ನು ಮುದ್ರಿಸಿ ಜಗತ್ತಿಗೆ ಒದಗಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ಗಣಿಯಿಂದ ಭಂಡಾರ, ಭಂಡಾರದಿಂದ ಸೈನ್ಯ ಎಂಬ ಅಭಿಪ್ರಾಯವುಂಟು. ಖನಿಜಕ್ಕೂ ರಕ್ಷಣೆಗೂ ಇರುವ ನಂಟು ಈ ಕಾಲದವರು ಕಂಡುಹಿಡಿದುದಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಅದೇ ಗ್ರಂಥ ರಾಜ್ಯದ ಸಪ್ತಾಂಗಗಳನ್ನು ಹೇಳುವಾಗ ಒಂದು ಕ್ರಮವನ್ನು ಇಟ್ಟಿದೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಇವುಗಳಲ್ಲಿ ಮೊದಲು ಹೇಳಿದ ಅಂಗಕ್ಕೆ ಒದಗಿದ ಕೇಡು ಅನಂತರ ಹೇಳಿದುದಕ್ಕೆ ಒದಗಿದ ಕೇಡಿಗಿಂತ ಗುರುತರವಾದುದೆಂದೂ ಅಲ್ಲಿ ನಿರ್ಣಯವಿದೆ. ಜನಪದವೆಂದರೆ ಕೇವಲ ಜನರಲ್ಲ. ಅವರು ನಿಂತ ನೆಲ, ಉಣ್ಣುವ ಬೆಳೆ, ಕುಡಿಯುವ ನೀರು, ಸುತ್ತಣ ಕಾಡು ಎಲ್ಲವೂ ಸೇರಿದುದು. ಅದು ಕೋಟೆಗಿಂತಲೂ ಭಂಡಾರಕ್ಕಿಂತಲೂ ಸೈನ್ಯಕ್ಕಿಂತಲೂ ಮುಂದೆ ನಿಲ್ಲುತ್ತದೆ. ಪರರಾಜ್ಯದ ಮೈತ್ರಿ ಎಲ್ಲಕ್ಕಿಂತ ಕಡೆಯದು. ದೇಶದ ಭದ್ರತೆಯನ್ನು ಕುರಿತು ಇಂದು ನಡೆಯುವ ಚರ್ಚೆಗಳಲ್ಲಿ ಈ ಕ್ರಮ ತಲೆಕೆಳಗಾಗಿರುವುದೇ ಅನೇಕ ಅನರ್ಥಗಳಿಗೆ ಕಾರಣವಾಗಿದೆ.

ಭದ್ರೆಯ ದಂಡೆಯಲ್ಲಿ ಕಬ್ಬಿಣದ ವಿಚಾರ ಮೊದಲಾದದ್ದು ಕುದುರೆಮುಖದಲ್ಲಲ್ಲ, ಭದ್ರಾವತಿಯಲ್ಲಿ. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಈ ಊರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಬೇಕೆಂಬ ಸಂಕಲ್ಪ ದಿವಾನ್ ವಿಶ್ವೇಶ್ವರಯ್ಯನವರದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1918ರಲ್ಲಿ ಕಾರ್ಯ ಆರಂಭವಾಗಿ 1923ರ ಜನವರಿಯಲ್ಲಿ ಬೀಡು ಕಬ್ಬಿಣದ ಉತ್ಪಾದನೆ ಮೊದಲಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಇವು ಮೂರೂ ಸಮೀಪದಲ್ಲಿ ದೊರೆತುವು. ಆದರೂ ಆ ಕುಲುಮೆಗೆ ಲೋಕದ ಗಾಳಿ ಸೋಂಕದಿರಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿದು ಜಗತ್ತಿನ ಪೇಟೆಯಲ್ಲಿ ಕಬ್ಬಿಣದ ಬೆಲೆ ಕುಸಿಯಲಾಗಿ ಕಾರ್ಖಾನೆ ಹುಟ್ಟುತ್ತಲೇ ನಷ್ಟಕ್ಕೆ ಸಿಕ್ಕಿತು. ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ ವೆಚ್ಚವನ್ನು ಇಳಿಸಿ ಅದನ್ನು ನಿಲ್ಲಿಸಬೇಕಾಯಿತು. ಇದ್ದಿಲಿಗಾಗಿ ಎಷ್ಟೋ ಕಾಡು ಉರಿದುಹೋಯಿತೆಂಬುದನ್ನೂ ಮರೆಮಾಡಬಾರದು. ಆದಾಗ್ಯೂ ಅದಿರು ನಾಡಿನೊಳಗೇ ಕಬ್ಬಿಣವಾಯಿತು, ಕಬ್ಬಿಣ ಕಸುಬಾಯಿತು, ಕಸುಬಿನಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಆ ಮನೆಗಳ ಮಕ್ಕಳು ಓದಿ ಉಪಾಧ್ಯಾಯರೂ ಇಂಜಿನಿಯರುಗಳೂ ಆದರು. ತಪ್ಪಾದಾಗ ಅದನ್ನು ಎದುರಿಗೆ ನಿಂತು ನೋಡುವವರೂ ತಿದ್ದುವವರೂ ಅದೇ ನೆಲದವರಾಗಿದ್ದರು.

ಕುದುರೆಮುಖದ ಕಥೆ ಬೇರೆಯದು. ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆಯೆಂಬುದನ್ನು 1913ರಲ್ಲಿಯೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದ್ದರು. ಆದರೆ ಅದು ಕಡಮೆ ಸತ್ತ್ವದ ಅದಿರಾದುದರಿಂದಲೂ, ದುರ್ಗಮವಾದ ಮಳೆಕಾಡಾದುದರಿಂದಲೂ ದಶಕಗಳವರೆಗೆ ಬೆಟ್ಟ ಬೆಟ್ಟವಾಗಿಯೇ ಉಳಿಯಿತು. ಅದನ್ನು ಅಲುಗಿಸಿದ್ದು 1973ರ ಅಕ್ಟೋಬರ್ ತಿಂಗಳ ಅರಬ್–ಇಸ್ರೇಲ್ ಯುದ್ಧ. ಯುದ್ಧವನ್ನು ಹಿಂಬಾಲಿಸಿ ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಎಣ್ಣೆಯನ್ನು ಕೊಳ್ಳುವ ಭಾರತಕ್ಕೆ ವಿದೇಶೀ ವಿನಿಮಯದ ಬರ ಬಂದಿತು. ಎಣ್ಣೆಯನ್ನು ಮಾರುವ ಇರಾನಿನ ಷಾ ಅವರ ಬೊಕ್ಕಸ ತುಂಬಿತು. ಅವರಿಗೆ ತಮ್ಮ ದೇಶದಲ್ಲಿ ಬೃಹತ್ತಾದ ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಹಂಬಲ. ಹೀಗೆ ಒಬ್ಬರ ಕೊರತೆಯೂ ಇನ್ನೊಬ್ಬರ ಹಂಬಲವೂ ಸೇರಿ 1975ರಲ್ಲಿ ಒಪ್ಪಂದವಾಯಿತು. ಇರಾನು 63 ಕೋಟಿ ಡಾಲರ್ ಸಾಲ ಕೊಡತಕ್ಕದ್ದು, ಕುದುರೆಮುಖದ ಅದಿರು ಇರಾನಿಗೆ ಹೋಗತಕ್ಕದ್ದು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪಿತವಾಗಿ, ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕೃತ ಅದಿರನ್ನು ಸಿದ್ಧಪಡಿಸುವ ಸ್ಥಾವರ ಅಲ್ಲಿ ಎದ್ದಿತು.

ಮಂಗಳೂರಿನವರೆಗೆ 67 ಕಿಲೋಮೀಟರ್ ಉದ್ದದ ಕೊಳವೆಯನ್ನು ಹೂಳಿ, ಅದಿರಿನ ಹುಡಿಯನ್ನು ನೀರಿನಲ್ಲಿ ಕಲಸಿ ಘಟ್ಟದ ಕೆಳಗೆ ಹರಿಯಿಸಲಾಯಿತು. ಪೂರ್ವಕ್ಕೆ ಹರಿಯಬೇಕಾದ ಭದ್ರೆಯ ನೀರಿನ ಒಂದು ಪಾಲು ಅದಿರನ್ನು ಹೊತ್ತು ಪಶ್ಚಿಮದ ಬಂದರಿಗೆ ಹರಿಯಿತು. ಅಗೆದ ಬೆಟ್ಟದಲ್ಲಿ ಬಹುಪಾಲು ಅದಿರಲ್ಲದ ಕೆಸರು. ಅದನ್ನು ಹಿಡಿದಿಡುವುದಕ್ಕಾಗಿ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದರು.

ಎಲ್ಲ ಸಿದ್ಧತೆ ನಡೆಯುತ್ತಿರುವಾಗಲೇ 1979ರ ಜನವರಿಯಲ್ಲಿ ಷಾ ಅವರು ದೇಶಬಿಟ್ಟು ಹೋದರು. ಮರುತಿಂಗಳು ಕ್ರಾಂತಿ ಗೆದ್ದಿತು. ಇರಾನು ಕೊಟ್ಟದ್ದು 25.5 ಕೋಟಿ ಡಾಲರ್ ಮಾತ್ರ. ಮಿಕ್ಕ ಸಾಲ ಬರಲಿಲ್ಲ. ಉಳಿದ ಹಣವನ್ನು ಭಾರತ ಸರ್ಕಾರವೇ ಭರಿಸಿ ಸಕಾಲದಲ್ಲಿ ಸ್ಥಾವರವನ್ನು ಮುಗಿಸಿತು. ಯಾರಿಗಾಗಿ ಬೆಟ್ಟವನ್ನು ಅಗೆದರೋ ಆ ಇರಾನು ಒಂದು ಹಿಡಿ ಅದಿರನ್ನೂ ಒಯ್ಯಲಿಲ್ಲ. 1980ರಲ್ಲಿ ಅಲ್ಲಿಗೂ ಇರಾಕಿಗೂ ಯುದ್ಧವೂ ಹತ್ತಿ ಎಂಟು ವರ್ಷ ನಡೆಯಿತು. ಕೊಳ್ಳುವವನಿಲ್ಲದ ಸರಕಿಗೆ ಬೇರೆ ಬೇರೆ ದೇಶಗಳ ಗಿರಾಕಿಗಳನ್ನು ಅರಸಬೇಕಾಯಿತು. ಹುಡಿಯನ್ನು ಉಂಡೆಗಟ್ಟಿ ಮಾರುವುದಕ್ಕಾಗಿ ಮಂಗಳೂರಿನಲ್ಲಿ ಇನ್ನೊಂದು ಸ್ಥಾವರವನ್ನು ಕಟ್ಟಬೇಕಾಯಿತು. ಅದು ಕಾರ್ಯಾರಂಭ ಮಾಡಿದ್ದು 1987ರಲ್ಲಿ. ಕಡೆಯದಾದ ಮಿತ್ರಾಂಗವನ್ನು ನಂಬಿ ಜನಪದವನ್ನು ಪಣಕ್ಕೊಡ್ಡಿದರೆ ಏನಾಗುವುದೆಂಬುದಕ್ಕೆ ಕೌಟಿಲ್ಯನಿಗೂ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುತ್ತಿರಲಿಲ್ಲ.

ಸಿಂಹಾಸನ ಉರುಳಿದ್ದು ತೆಹರಾನಿನಲ್ಲಿ. ನೀರು ಕೆಂಪಾದದ್ದು ಭದ್ರೆಯಲ್ಲಿ. ವರ್ಷಕ್ಕೆ 6000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸ್ಥಳದಲ್ಲಿ ಹುಲ್ಲನ್ನೂ ಮರವನ್ನೂ ಕಿತ್ತು ಬೆಟ್ಟದ ಒಡಲನ್ನು ಬಯಲುಮಾಡಿದರೆ ಮಣ್ಣು ನಿಲ್ಲುವುದೆಂತು? ಭದ್ರೆಯ ಜಲಾನಯನ ಪ್ರದೇಶದಲ್ಲಿ ಗಣಿಯ ವಿಸ್ತೀರ್ಣ ಅತ್ಯಲ್ಪವಾಗಿದ್ದರೂ, ನದಿಗೆ ಇಳಿದ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದೆಂಬುದು ಶಾಸ್ತ್ರಜ್ಞರ ಅಳತೆಯಿಂದ ಸಿದ್ಧವಾಗಿದೆ. ಅದೇ ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿ.ಎಂ.ಸಿ. ಸಾಮರ್ಥ್ಯದ ಜಲಾಶಯವಿದೆ, ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಸುಮಾರು ಒಂದು ಲಕ್ಷ ಹೆಕ್ಟೇರ್ ಭೂಮಿ ಅದರ ನಾಲೆಗಳನ್ನು ನಂಬಿದೆ. ಅಲ್ಲಿಂದ ಕೆಳಗೆ ಭದ್ರಾವತಿ, ಕೂಡಲಿ, ಹೊಳಲೂರು, ಹೊನ್ನಾಳಿ, ಹರಿಹರ. 1975ರ ಆ ಒಪ್ಪಂದಕ್ಕೆ ಇಬ್ಬರು ಪಕ್ಷಗಾರರಿದ್ದರು. ಹೊಳೆಯ ಕೆಳದಂಡೆಯವರು ಮೂರನೆಯ ಪಕ್ಷಗಾರರಾಗಬೇಕಾಗಿತ್ತೆಂಬ ವಿಚಾರ ಆ ಕಾಲಕ್ಕೆ ಯಾರಿಗೂ ಹೊಳೆದಂತೆ ಕಾಣುವುದಿಲ್ಲ.

ಗಣಿಯ ಗುತ್ತಿಗೆಯ ಅವಧಿ 1999ರಲ್ಲಿ ಮುಗಿದಾಗ ಈ ಮೌನ ಮುರಿಯಿತು. ಗುತ್ತಿಗೆಯನ್ನು ಮುಂದುವರಿಸಬಾರದೆಂದು ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಜನ ದನಿಯೆತ್ತಿದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2002ರ ಅಕ್ಟೋಬರ್ 30ರಂದು ತೀರ್ಪು ಬಂದಿತು. ಅದರಂತೆ 2005ರ ಡಿಸೆಂಬರ್ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಈ ಮಂಗಳಾಂತವನ್ನು ಕಂಡು ಹಿಗ್ಗುವುದಕ್ಕೆ ಮೊದಲು ಅದರ ಬೆಲೆಯನ್ನೂ ಎಣಿಸಬೇಕು. ಅಲ್ಲಿ ದುಡಿದವರು ಪರದೇಶದವರಲ್ಲ. ಇದೇ ನಾಡಿನ ತಂದೆತಾಯಿಗಳ ಮಕ್ಕಳು. ಶಾಲೆ, ಆಸ್ಪತ್ರೆ, ಕ್ರೀಡಾಂಗಣಗಳಿಂದ ಕೂಡಿದ ಒಂದು ಊರೇ ಬರಿದಾಯಿತು. ಮಂಗಳೂರಿನ ಉಂಡೆಯ ಸ್ಥಾವರ ಛತ್ತೀಸಗಢದಿಂದ ಬರುವ ಅದಿರನ್ನು ಕಾಯುವಂತಾಯಿತು. ಲಕ್ಯಾ ಅಣೆಕಟ್ಟಿನ ಹಿಂದೆ ಬೆಟ್ಟದ ಕೆಸರು ಇಂದಿಗೂ ನಿಂತಿದೆ. ಅದನ್ನು ಕಾಯತಕ್ಕ ಹೊಣೆಗೆ ಗುತ್ತಿಗೆಯ ಅವಧಿಯೆಂಬುದಿಲ್ಲ. ಷಾ ಅವರ ಹೆಸರನ್ನೂ ಕೇಳದ ಮುಂದಿನ ಪೀಳಿಗೆಗಳೂ ಪ್ರತಿ ಮಳೆಗಾಲದಲ್ಲಿ ಆ ಕಟ್ಟೆಯನ್ನು ನೋಡಿಕೊಳ್ಳಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ. ಕಬ್ಬಿಣವಿಲ್ಲದೆ ನೇಗಿಲಿಲ್ಲ, ಸೇತುವೆಯಿಲ್ಲ, ಸೈನಿಕನ ಕೈಯಲ್ಲಿ ಆಯುಧವಿಲ್ಲ. ಪರದೇಶದ ನಾಣ್ಯವಿಲ್ಲದೆ ಎಣ್ಣೆಯಿಲ್ಲ. ಬಡ ದೇಶ ತನ್ನ ಬೆಟ್ಟವನ್ನು ನೋಡುತ್ತ ಕುಳಿತರೆ ಹೊಟ್ಟೆ ತುಂಬುವುದೆ? ಈ ಪ್ರಶ್ನೆ ತಿರಸ್ಕಾರಕ್ಕೆ ಅರ್ಹವಲ್ಲ. 1975ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವರು ದೇಶದ್ರೋಹಿಗಳಾಗಿರಲಿಲ್ಲ. ಎಣ್ಣೆಯ ಬೆಲೆಯ ಸಂಕಟದಲ್ಲಿದ್ದ ದೇಶಕ್ಕೆ ದಾರಿಯನ್ನು ಹುಡುಕುತ್ತಿದ್ದರು. ಗಣಿಯೇ ಬೇಡವೆಂದು ಹೇಳುವುದು ಸುಲಭವಾದ ವೈರಾಗ್ಯ. ಹಾಗೆ ಹೇಳುವವನ ಮನೆಯ ಬಾಗಿಲಿನ ಚಿಲಕವೂ ಕಬ್ಬಿಣದ್ದೇ. ಆದರೆ ಅವಶ್ಯಕತೆಗೂ ಆತುರಕ್ಕೂ ಅಂತರವುಂಟು. ಅದೇ ಭದ್ರೆಯ ಮೇಲ್ದಂಡೆಯ ಬೆಟ್ಟವನ್ನು ಅಗೆದದ್ದು ಭದ್ರಾವತಿಯ ಕುಲುಮೆಗಾಗಿ ಅಲ್ಲವೆಂಬುದನ್ನು ಮರೆಯಲಾಗದು. ಆ ಕುಲುಮೆಯಾದರೋ ಅನಂತರದ ವರ್ಷಗಳಲ್ಲಿ ಸ್ವಂತ ಗಣಿಯಿಲ್ಲದೆ ಸೊರಗಿತು. 1998ರಲ್ಲಿ ಅದು ಭಾರತ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು. 2018ರಲ್ಲಿ ನೂರು ವರ್ಷ ತುಂಬಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲಸದ ಒಂದು ಭಾಗ ಮಾತ್ರ ಪುನಃ ಆರಂಭವಾಯಿತು. ನದಿಯ ಮೇಲ್ಭಾಗದಲ್ಲಿ ಅದಿರು ಪರದೇಶಕ್ಕೆ ಹೋಯಿತು, ಕೆಳಭಾಗದಲ್ಲಿ ಕುಲುಮೆ ಅದಿರಿಲ್ಲದೆ ಬಡವಾಯಿತು. ಇದನ್ನು ದೇಶದ ಭದ್ರತೆಯೆಂದು ಕರೆಯಲು ಯಾವ ಶಾಸ್ತ್ರದಲ್ಲಿಯೂ ಆಧಾರವಿಲ್ಲ.

ಕುದುರೆಮುಖದಲ್ಲಿ ಕಲಿತ ಪಾಠ ಮರೆತುಹೋಗುವುದಕ್ಕೆ ಬಹುಕಾಲ ಹಿಡಿಯಲಿಲ್ಲ. 2008ರ ಒಲಿಂಪಿಕ್ ಕ್ರೀಡೆಗಳಿಗೆ ಮುನ್ನ ಚೀನದಲ್ಲಿ ಉಕ್ಕಿನ ಬೇಡಿಕೆ ಏರಿ ಅದಿರಿಗೆ ಚಿನ್ನದ ಬೆಲೆ ಬಂದಾಗ, ತುಂಗಭದ್ರೆಯ ಕೆಳಪಾತ್ರದ ಬಳ್ಳಾರಿ, ಸಂಡೂರು ಸೀಮೆಯಲ್ಲಿ ಹೊಲಗಳನ್ನೂ ಅಗೆದು ಲಾರಿಗೆ ತುಂಬಿದರು. ಲೋಕಾಯುಕ್ತರ ವರದಿ ಬಂದು, ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಅಲ್ಲಿಯೂ ಗಣಿಗಾರಿಕೆಯನ್ನು ತಡೆಯಿತು. ಹೊಸಪೇಟೆಯ ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 132 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು; ಈಗ ಹಿಡಿಯುವುದು ಸುಮಾರು 105 ಟಿ.ಎಂ.ಸಿ. ಮಾತ್ರ. ಆ ಹೂಳೆಲ್ಲವೂ ಗಣಿಯದೆಂದು ಹೇಳಿದರೆ ಅನ್ಯಾಯವಾದೀತು; ಕಾಡು ಕಡಿದ ಕೊಡಲಿಗೂ, ಇಳಿಜಾರಿನಲ್ಲಿ ಬದುವಿಲ್ಲದೆ ಉತ್ತ ನೇಗಿಲಿಗೂ ಅದರಲ್ಲಿ ಪಾಲಿದೆ. ಆದರೆ ಕಳೆದುಹೋದ 27 ಟಿ.ಎಂ.ಸಿ. ಜಾಗವನ್ನು ಯಾವ ದೇಶದೊಡನೆಯೂ ಒಪ್ಪಂದ ಮಾಡಿಕೊಂಡು ಮರಳಿ ತರಲಾಗುವುದಿಲ್ಲ.

ಇನ್ನು ಎಣ್ಣೆ, ಗೊಬ್ಬರಗಳ ವಿಚಾರ. ಹೊಳಲೂರಿನ ಅಡಿಕೆ ತೋಟಕ್ಕೆ ಚೆಲ್ಲುವ ಪೊಟ್ಯಾಷ್ ಗೊಬ್ಬರಕ್ಕಾಗಿ ಭಾರತ ಸಂಪೂರ್ಣವಾಗಿ ಪರದೇಶಗಳನ್ನು ಆಶ್ರಯಿಸಿದೆ. ಅದನ್ನು ಹೆಚ್ಚಾಗಿ ಮಾರುವ ದೇಶಗಳಲ್ಲಿ ರಷ್ಯವೂ ಬೆಲಾರೂಸೂ ಸೇರಿವೆ. ಯೂರಿಯಾ ಇಲ್ಲಿಯೇ ತಯಾರಾದರೂ ಅದಕ್ಕೆ ಬೇಕಾದ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರಬೇಕು. 2022ರ ಫೆಬ್ರವರಿಯಲ್ಲಿ ಯುಕ್ರೇನಿನ ಯುದ್ಧ ಮೊದಲಾದಾಗ ಈ ಎರಡರ ಬೆಲೆಯೂ ಏರಿ, ರೈತನ ಮೇಲೆ ಭಾರ ಬೀಳದಂತೆ ತಡೆಯಲು ಕೇಂದ್ರ ಸರ್ಕಾರ ಆ ಆರ್ಥಿಕ ವರ್ಷದಲ್ಲಿ ಎರಡು ಲಕ್ಷ ಕೋಟಿ ರೂಪಾಯಿಗೂ ಮೀರಿ ಸಹಾಯಧನ ಕೊಡಬೇಕಾಯಿತು. ಎಣ್ಣೆಯ ಅಭಾವಕ್ಕೆ ಮುನ್ನೆಚ್ಚರಿಕೆಯಾಗಿ ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯನ್ನು ಕೊರೆದು, ಒಟ್ಟು 53 ಲಕ್ಷ ಟನ್ನಿನಷ್ಟು ಕಚ್ಚಾ ಎಣ್ಣೆಯನ್ನು ಕೂಡಿಡುವ ಗುಹೆಗಳನ್ನು ನಿರ್ಮಿಸಿರುವುದು ದೂರದೃಷ್ಟಿಯ ಕಾರ್ಯವೇ ಸರಿ. ವಿಧಿಯ ವಿಲಾಸವೆಂಬಂತೆ, ಹಿಂದೆ ಅದಿರನ್ನು ಇರಾನಿಗೆ ಕಳುಹಿಸಲು ಸಿದ್ಧವಾಗಿದ್ದ ಅದೇ ಮಂಗಳೂರಿನ ಗುಹೆಗೆ 2016ರಲ್ಲಿ ಇರಾನಿನ ಎಣ್ಣೆ ಬಂದಿತು. 2019ರಲ್ಲಿ ಅಮೆರಿಕದ ನಿರ್ಬಂಧದಿಂದ ಆ ದೇಶದಿಂದ ಎಣ್ಣೆ ಕೊಳ್ಳುವುದೇ ನಿಂತಿತು. ಮೈತ್ರಿ ಬರುತ್ತದೆ, ಹೋಗುತ್ತದೆ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಎಣ್ಣೆಯನ್ನು ಬಂಡೆಯೊಳಗೆ ಕೂಡಿಡಬಹುದು, ಕಾಸಿದ್ದರೆ ಬೇರೆಯವರಿಂದಲೂ ಕೊಳ್ಳಬಹುದು. ಗಂಗಾಮೂಲದ ಕಾಡು ಹಿಡಿದಿಟ್ಟು ಬೇಸಗೆಯಲ್ಲಿ ಹನಿಹನಿಯಾಗಿ ಬಿಡುವ ನೀರನ್ನು ಯಾವ ಗುಹೆಯಲ್ಲಿ ಕೂಡಿಡುವುದು, ಯಾರಿಂದ ಕೊಳ್ಳುವುದು?

ಆದುದರಿಂದ ಸಂಪತ್ತಿನ ವಿಚಾರದಲ್ಲಿ ತೀರ್ಮಾನ ಕೈಗೊಳ್ಳುವಾಗ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಅಗೆಯುವುದು ಯಾರ ಅವಶ್ಯಕತೆಗಾಗಿ? ಕೊಳ್ಳುವವನು ನಾಳೆ ಕೈಬಿಟ್ಟರೆ ಗತಿಯೇನು? ಎಲ್ಲರೂ ಹೊರಟುಹೋದ ಮೇಲೆ ಉಳಿಯುವ ಹೂಳನ್ನು ಕಾಯುವವರು ಯಾರು? ಈ ಮೂರಕ್ಕೂ ನದಿಯ ಕೆಳದಂಡೆಯ ಊರುಗಳ ಎದುರಿನಲ್ಲಿ, ಅವರ ಭಾಷೆಯಲ್ಲಿ ಉತ್ತರ ಹೇಳಿದ ಮೇಲೆಯೇ ಮೊದಲ ಗುದ್ದಲಿ ಬೀಳತಕ್ಕದ್ದು. ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯವನ್ನು ಗಣಿಗೆ ಕೊಡುವ ಪ್ರಶ್ನೆ 2024ರಲ್ಲಿ ಎದ್ದು ವಿವಾದವಾದಾಗ, ರಾಜ್ಯ ಸರ್ಕಾರ ಕುದುರೆಮುಖದ ಹಳೆಯ ಬಾಕಿಗಳನ್ನು ಮೊದಲು ತೀರಿಸುವಂತೆ ಕೇಳಿತು. ಆ ಕೇಳಿಕೆಯ ಹಿಂದೆ ಇರುವುದು ಈ ಮೂರನೆಯ ಪ್ರಶ್ನೆಯೇ.

ಹೊಳೆಯ ದಂಡೆಯ ಪಾಠಶಾಲೆಗಳಿಗೆ ಇದರಲ್ಲಿ ಕರ್ತವ್ಯವಿಲ್ಲವೆಂದಲ್ಲ. ಭೂಗೋಳದ ಉಪಾಧ್ಯಾಯರು ಪರ್ಷಿಯದ ಕೊಲ್ಲಿಯನ್ನು ನಕ್ಷೆಯಲ್ಲಿ ತೋರಿಸುವಾಗ ಅದೇ ಕೋಲನ್ನು ಕುದುರೆಮುಖದ ಮೇಲೂ ಇಡಬಹುದು. ಗೊಬ್ಬರದ ಚೀಲದ ಮೇಲಿನ ದೇಶದ ಹೆಸರನ್ನು ಬಾಲಕರಿಂದ ಓದಿಸಿ, ಅದು ಯಾವ ಬಂದರನ್ನು ಹಾದು ಊರಿಗೆ ಬಂದಿತೆಂದು ಬರೆಯಿಸಬಹುದು. ಮಳೆಗಾಲದ ಮೂರು ತಿಂಗಳು ದಿನಕ್ಕೊಮ್ಮೆ ಹೊಳೆಯ ನೀರನ್ನು ಗಾಜಿನ ಪಾತ್ರೆಯಲ್ಲಿ ಹಿಡಿದು ತಿಳಿಯಾಗಲು ಬಿಟ್ಟು, ತಳದಲ್ಲಿ ನಿಂತ ಮಣ್ಣನ್ನು ತೂಗಿ, ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳೂ ವಕೀಲರೂ ಅರಣ್ಯಾಧಿಕಾರಿಗಳೂ ಇದ್ದಾರೆ. ಅವರು ವರ್ಷಕ್ಕೊಂದು ದಿನ ಬಂದು ಆ ಪುಸ್ತಕವನ್ನು ನೋಡಿ ನಾಲ್ಕು ಮಾತು ಹೇಳಿದರೆ ಅದೂ ದಾನವೇ. ದಾನಿಗಳು ಕೊಡುವ ಕಟ್ಟಡ, ಗ್ರಂಥಭಂಡಾರಗಳ ಜೊತೆಗೆ ಒಂದು ತಕ್ಕಡಿಯೂ ಒಂದು ಮಳೆಮಾಪಕವೂ ಸೇರಿದರೆ ಅಧಿಕವಾಗದು. ಇಪ್ಪತ್ತು ವರ್ಷ ಹೀಗೆ ಬರೆದ ಪುಸ್ತಕ, ಮುಂದೊಂದು ದಿನ ಬೆಟ್ಟದ ಮೇಲೆ ಇನ್ನೊಂದು ಒಪ್ಪಂದದ ಮಾತು ಬಂದಾಗ, ಕೆಳದಂಡೆಯವರ ಪರವಾಗಿ ಸಾಕ್ಷಿ ನುಡಿಯಬಲ್ಲುದು. 1975ರಲ್ಲಿ ಅಂತಹ ಒಂದು ಪುಸ್ತಕ ಯಾವ ಶಾಲೆಯಲ್ಲಿಯೂ ಇರಲಿಲ್ಲ.

ಈ ವರ್ಷದ ಮಳೆಗಾಲದಲ್ಲಿಯೂ ತುಂಗೆ ಭದ್ರೆಯರು ಕೂಡಲಿಯಲ್ಲಿ ಸೇರುತ್ತಾರೆ, ತುಂಬಿ ಹೊಳಲೂರಿನ ಸೀಮೆಗೆ ಬರುತ್ತಾರೆ. ಆ ನೀರಿನ ಬಣ್ಣವನ್ನು ಗಮನಿಸುವ ಅಭ್ಯಾಸ ಒಂದು ಶಾಲೆಯ ಮಕ್ಕಳಿಗಾದರೂ ಬಂದರೆ, ದೇಶದ ಭದ್ರತೆಯ ಪಾಠ ಅಲ್ಲಿಂದ ಮೊದಲಾಯಿತೆಂದು ತಿಳಿಯಬಹುದು.